ಗಡಿಯಾರದ ಟೇಕ್

ಆ ಬೆಳಗ್ಗೆ ಅರ್ಲಿಸ್ ಟ್ರಾಮೆಲ್ ನಟರು ಸಿದ್ಧವಾಗುವ ಕ್ಯಾರವಾನುಗಳ ಸಾಲಿನ ಉದ್ದಕ್ಕೂ ಮೂರು ಸಲ ಹೋಗಿ ಮೂರು ಸಲ ಬಂದ. ತನ್ನ ಬಾಗಿಲು ಸಿಗಲಿಲ್ಲ. ಅಮೆರಿಕದ ಬರ್‌ಬ್ಯಾಂಕಿನ ಸಿನಿಮಾ ಸ್ಟುಡಿಯೋಗಳಲ್ಲಿ ಕ್ಯಾರವಾನಿನ ಬಾಗಿಲಿಗೆ ನಟನ ಹೆಸರನ್ನು ಅಂಟಿಸುವುದಿಲ್ಲ, ಪಾತ್ರದ ಹೆಸರನ್ನು ಅಂಟಿಸುತ್ತಾರೆ. ನಲವತ್ತನಾಲ್ಕು ವರ್ಷಗಳಿಂದ ಅವನು ಯಾರ್ಯಾರದೋ ಹೆಸರಿನ ಬಾಗಿಲು ತೆರೆದು ಒಳಗೆ ಹೋಗಿ, ಅವರ ಬಟ್ಟೆ ತೊಟ್ಟು, ಅವರಾಗಿಯೇ ಹೊರಗೆ ಬಂದವನು. ಬಿಳಿಯ ಟೇಪಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಹೆಸರುಗಳನ್ನು ಒಂದೊಂದಾಗಿ ಓದುತ್ತ ನಡೆದ. ಅಕ್ಟೋಬರಿನ ಒಣಗಾಳಿ ಗುಡ್ಡದ ಕಡೆಯಿಂದ ಬಿಸಿಬಿಸಿಯಾಗಿ ಬೀಸುತ್ತಿತ್ತು, ಟೇಪುಗಳ ಅಂಚು ಪಟಪಟ ಎನ್ನುತ್ತಿತ್ತು.

ನಟರನ್ನು ಸೆಟ್ಟಿಗೆ ಕರೆದೊಯ್ಯುವ ವ್ಯಾನಿನ ಡ್ರೈವರ್ ಡ್ವೈಟ್ ಬಾಗಿಲಿಗೆ ಒರಗಿಕೊಂಡು ಬರಿಟೊ ರೊಟ್ಟಿ ತಿನ್ನುತ್ತಿದ್ದ.

"ಏನ್ ಸರ್, ಇವತ್ತು ಇಲ್ಲೇ ವಾಕಿಂಗಾ?"

"ನನ್ನ ರೂಮ್ ಎಲ್ಲಪ್ಪ? ಯಾರು ಜಾಗ ಬದಲಾಯಿಸಿದ್ದು? ಷೆರಿಫ್ ಡಾಬ್ಸ್ ಅಂತ ಎಲ್ಲೂ ಕಾಣ್ತಾನೇ ಇಲ್ವಲ್ಲ."

ಡ್ವೈಟ್ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕ.

"ನಮ್ಮಜ್ಜಿ ಒಂದು ವಾರಾನೂ ಬಿಡದೆ ನೋಡ್ತಿದ್ರು ಸರ್ ಅದನ್ನ. ನಾನಾಗ ಆರನೇ ಕ್ಲಾಸು. ಇರಿ, ನಿಮ್ಮ ಕುದುರೆ ಎಲ್ಲಿ ಕಟ್ಟಿದಾರೆ ಕೇಳಿ ಬರ್ತೀನಿ."

ಅರ್ಲಿಸನೂ ನಕ್ಕ. ಬೇಕಾದಾಗ ನಗುವುದಕ್ಕೆ ಅವನಿಗೆ ಅರೆಕ್ಷಣವೂ ಬೇಡ, ಕಸುಬೇ ಅದು. ಆದರೆ ಶರ್ಟಿನೊಳಗೆ ಬೆನ್ನು ಒದ್ದೆಯಾಗಿತ್ತು. ಅವನು ಷೆರಿಫ್ ಡಾಬ್ಸ್ ಎಂಬ ಕುದುರೆ ಸವಾರ ಪೊಲೀಸನಾಗಿದ್ದ ಧಾರಾವಾಹಿ ಮುಗಿದು ಹತ್ತೊಂಬತ್ತು ವರ್ಷಗಳಾಗಿದ್ದವು. ಈಗ ಅವನ ಪಾತ್ರ ಜಡ್ಜ್ ಪೆಲ್. 'ಜಡ್ಜ್ ಪೆಲ್' ಎಂದು ಬರೆದ ಬಾಗಿಲನ್ನು ಅವನು ಮೂರು ಸಲ ದಾಟಿ ಹೋಗಿದ್ದ, ಯಾರೋ ಮುದುಕನ ಕೋಣೆ ಇರಬೇಕು ಎಂದುಕೊಂಡು.

ಒಳಗೆ ಹೋಗಿ ಚಿಲಕ ಹಾಕಿಕೊಂಡು ಕನ್ನಡಿಯ ಮುಂದೆ ಕೂತ. ಕೈ ನಡುಗುತ್ತಿತ್ತು. ನಡುಗುವ ಕೈಯನ್ನು ಅವನು ಆರು ಪಾತ್ರಗಳಲ್ಲಿ ಮಾಡಿದ್ದ, ಆರರಲ್ಲೂ ಹೊಗಳಿಸಿಕೊಂಡಿದ್ದ. ಇದು ಅವುಗಳಲ್ಲಿ ಯಾವುದರ ಹಾಗೂ ಇರಲಿಲ್ಲ.

ಅರ್ಲಿಸ್ ಟ್ರಾಮೆಲ್ ಎಂಬ ಹೆಸರು ಅಮೆರಿಕದಲ್ಲಿ ಯಾರಿಗೂ ಗೊತ್ತಿಲ್ಲ. ಅವನ ಮುಖ ಗೊತ್ತಿಲ್ಲದವರೂ ಇಲ್ಲ. ಅಂಗಡಿಯಲ್ಲಿ ಟೊಮೆಟೊ ಆರಿಸುತ್ತಿದ್ದರೆ ಹೆಂಗಸರು ಹತ್ತಿರ ಬಂದು, ನೀವು ನಮ್ಮ ಹಲ್ಲಿನ ಡಾಕ್ಟ್ರಲ್ವಾ ಎನ್ನುತ್ತಾರೆ. ಒಮ್ಮೆ ವಿಮಾನದಲ್ಲಿ ಪಕ್ಕದ ಸೀಟಿನವನು, ನನ್ನ ಡೈವೋರ್ಸ್ ಕೇಸನ್ನು ಹಾಳುಮಾಡಿದ ವಕೀಲ ನೀನೇ ತಾನೆ ಎಂದು ಜಗಳಕ್ಕೇ ನಿಂತಿದ್ದ. ಸಿನಿಮಾ, ಟೀವಿ ಎಲ್ಲ ಸೇರಿ ನೂರನಲವತ್ತು ಪಾತ್ರಗಳು. ಮೂರು ಸಲ ದೇಶದ ಅಧ್ಯಕ್ಷ, ಒಂಬತ್ತು ಸಲ ಪಾದ್ರಿ, ಹನ್ನೊಂದು ಸಲ ಕೊಲೆಗಾರ, ಎರಡು ಸಲ ಬರೀ ಹೆಣ. ಟೆಕ್ಸಸ್‌ನ ಎಣ್ಣೆ ಧಣಿಯಿಂದ ಹಿಡಿದು ಮೇನ್ ರಾಜ್ಯದ ಸೀಗಡಿ ಹಿಡಿಯುವವನವರೆಗೆ ಯಾರ ಮಾತಿನ ಧಾಟಿಯೂ ಅವನಿಗೆ ನೀರು ಕುಡಿದಷ್ಟು ಸಲೀಸು. ಹೆಸರು ಮಾಡಿದ ದೊಡ್ಡ ನಟರು ಜೀವಮಾನವೆಲ್ಲ ತಮ್ಮನ್ನೇ ನಟಿಸಿಕೊಂಡು ಕಾಲ ಹಾಕುತ್ತಾರೆ, ಅದಕ್ಕೇ ಜನಕ್ಕೆ ಅವರ ನೆನಪಿರುತ್ತದೆ. ಎಲ್ಲರೂ ಆಗಬಲ್ಲವನನ್ನು ಯಾರೆಂದು ನೆನಪಿಟ್ಟುಕೊಳ್ಳುವುದು? ಅರ್ಲಿಸನಿಗೆ ಇದರಿಂದ ಬೇಸರವೇನೂ ಆಗಿರಲಿಲ್ಲ. ಎರಡು ಮದುವೆಯಾಗಿ ಎರಡೂ ಮುರಿದಿದ್ದವು, ಮಕ್ಕಳಿರಲಿಲ್ಲ, ಪಾತ್ರಗಳು ಮಾತ್ರ ಒಂದರ ಹಿಂದೆ ಒಂದು ಬಂದು ಬಾಗಿಲು ತಟ್ಟುತ್ತಿದ್ದವು.

ಮಾತು ಕಲಿಯುವುದರಲ್ಲಂತೂ ಅವನದು ಎತ್ತಿದ ಕೈ. ಇಲ್ಲಿ ಚಿತ್ರೀಕರಣ ಶುರುವಾದ ಮೇಲೂ ಕತೆ ಬರೆಯುವವರು ಸುಮ್ಮನಿರುವುದಿಲ್ಲ. ಬದಲಾದ ಪುಟಗಳು ಮೊದಲು ನೀಲಿ ಹಾಳೆಯಲ್ಲಿ ಬರುತ್ತವೆ, ಮತ್ತೆ ಬದಲಾದರೆ ಗುಲಾಬಿ, ಆಮೇಲೆ ಹಳದಿ, ಆಮೇಲೆ ಹಸಿರು. ಮೇಕಪ್ ಕುರ್ಚಿಯಲ್ಲಿ ಕೂತಿರುವಾಗ ಹೊಸ ಬಣ್ಣದ ಹಾಳೆ ಕೈಗೆ ಬಂದರೆ ಉಳಿದ ನಟರು ಶಾಪ ಹಾಕುತ್ತಿದ್ದರು. ಅರ್ಲಿಸ್ ಒಂದು ಸಲ ಕಣ್ಣಾಡಿಸಿ ಹಾಳೆಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದ. 'ಒಂದೇ ಟೇಕಿನ ಅರ್ಲಿಸ್' ಎಂದು ಕ್ಯಾಮೆರಾದವರು ಅವನನ್ನು ಕರೆಯುತ್ತಿದ್ದರು. ಅವನಿದ್ದ ದಿನ ಮನೆಗೆ ಬೇಗ ಹೋಗಬಹುದಿತ್ತು.

ಹೋದ ವರ್ಷದ ಚಳಿಗಾಲದಲ್ಲಿ ಮೊದಲ ಸಲ ಮಾತು ಕೈಕೊಟ್ಟಿತು. ಕಾಫಿ ಪುಡಿಯ ಜಾಹೀರಾತು, ಹೇಳಬೇಕಾದದ್ದು ಎರಡೇ ವಾಕ್ಯ. ಮೊದಲನೆಯದು ಬಂತು, ಎರಡನೆಯದು ಇರಬೇಕಾದ ಕಡೆ ಏನೂ ಇರಲಿಲ್ಲ. ನಾಲಿಗೆಯ ತುದಿಯಲ್ಲಿದೆ, ಈಗ ಬರುತ್ತದೆ ಎನ್ನುವಂಥ ಮರೆವಲ್ಲ ಅದು, ಅಲ್ಲಿ ಎಂದೂ ಏನೂ ಇರಲೇ ಇಲ್ಲ ಎನ್ನುವಂಥದು. ಅವನು ಕೆಮ್ಮಿದಂತೆ ಮಾಡಿ ನೀರು ಕೇಳಿದ. ಆಮೇಲೆ ಅದು ತಿಂಗಳಿಗೊಮ್ಮೆ ಆಯಿತು, ವಾರಕ್ಕೊಮ್ಮೆ ಆಯಿತು. "ನಾನು ಗುಲಾಬಿ ಹಾಳೆ ಕಲ್ತಿದ್ದೆ ಕಣ್ರಪ್ಪ, ಹಳದಿ ನನ್ನ ಕೈಗೇ ಬಂದಿಲ್ಲ" ಎಂದು ಬಣ್ಣದ ಹಾಳೆಗಳ ಮೇಲೆ ತಪ್ಪು ಹೊರಿಸುತ್ತಿದ್ದ. ಎಲ್ಲರೂ ನಂಬುತ್ತಿದ್ದರು, ಏಕೆಂದರೆ ಎಲ್ಲರಿಗೂ ಆ ಹಾಳೆಗಳ ಮೇಲೆ ಸಿಟ್ಟಿತ್ತು. ಸಕ್ಕರೆ ಡಬ್ಬಿಯ ಹಿಂದೆ, ಟೋಪಿಯ ಒಳಗೆ, ಶರ್ಟಿನ ತೋಳಿನ ಮಡಿಕೆಯಲ್ಲಿ ಮಾತುಗಳನ್ನು ಬರೆದಿಟ್ಟುಕೊಳ್ಳಲು ಕಲಿತ.

ಅಷ್ಟರಲ್ಲಿ ಜಡ್ಜ್ ಪೆಲ್ ಬಂದ. ನೆನಪು ಕಳೆದುಕೊಳ್ಳುತ್ತಿರುವ ಒಬ್ಬ ಮುದಿ ನ್ಯಾಯಾಧೀಶನ ಕತೆ, ಎಂಟು ಕಂತು, ಅರ್ಲಿಸನ ಜೀವನದಲ್ಲೇ ಮೊದಲ ಮುಖ್ಯ ಪಾತ್ರ. ಆಯ್ಕೆಗೆಂದು ಕರೆದಿದ್ದರು. ಎರಡು ಪುಟದ ಮಾತು. ಮೊದಲ ಪುಟದ ನಡುವಿನಲ್ಲಿ ಅವನ ಕಾಲ ಕೆಳಗಿನ ನೆಲ ಹೋಯಿತು. ಮುಕ್ಕಾಲು ನಿಮಿಷ ಸುಮ್ಮನೆ ನಿಂತ. ಅಂಗೈ ನೋಡಿಕೊಂಡ. ಎದುರಿಗೆ ಕೂತವರನ್ನು ನೋಡಿ, "ನಾನು ಇಲ್ಲಿಗೆ ಯಾಕೆ ಬಂದೆ?" ಎಂದು ಕೇಳಿದ. ಅದು ಪುಟದಲ್ಲಿ ಇರಲಿಲ್ಲ. ಅವನು ನಿಜವಾಗಿಯೂ ಕೇಳಿದ್ದ.

ನಿರ್ದೇಶಕಿ ಇಂಗ್ರಿಡ್ ಲಾರ್ಕಿನ್ ಅತ್ತುಬಿಟ್ಟಳು. ಮೂವತ್ತನಾಲ್ಕರ ಹೆಂಗಸು, ಒಳ್ಳೆಯವಳು, ಕೆಲಸ ಬಲ್ಲವಳು. "ಆ ಮೌನ ಎಲ್ಲಿಂದ ತಂದ್ರಿ ನೀವು? ಮುಂದಿನವರನ್ನ ನೋಡೋದೇ ಬೇಡ ನನಗೆ" ಎಂದಳು. ಅವನು ಕಾರು ನಿಲ್ಲಿಸಿದ ಜಾಗ ಹುಡುಕಿಕೊಳ್ಳುವ ಮೊದಲೇ ಪಾತ್ರ ಅವನದಾಗಿತ್ತು.

ಅಂದಿನಿಂದ ಅವನು ಸಿಕ್ಕಿಬಿದ್ದ. ಬೇರೆ ಯಾವ ಕಸುಬಿನಲ್ಲಾದರೂ ಮನುಷ್ಯ ಹೀಗೆ ತಡವರಿಸಿದರೆ ಪಕ್ಕದವನು ಕೈಹಿಡಿದು ಕೂರಿಸಿ ಡಾಕ್ಟರಿಗೆ ಫೋನು ಮಾಡುತ್ತಾನೆ. ಈ ಕಸುಬಿನ ಜನ ಚಪ್ಪಾಳೆ ತಟ್ಟುತ್ತಾರೆ. ಅವನು ಮಾತು ಮರೆತರೆ ಜಡ್ಜ್ ಮರೆತ ಎಂದರು. ಸೆಟ್ಟಿನಲ್ಲಿ ತಪ್ಪು ಬಾಗಿಲಿನಿಂದ ಹೊರಗೆ ಹೋದರೆ, ಎಂಥ ಸೂಕ್ಷ್ಮ ಎಂದರು. ದಿನ ಕಳೆದಂತೆ ಯಾವ ಮರೆವು ತಾನು ಮಾಡಿದ್ದು, ಯಾವುದು ತನಗೆ ಆದದ್ದು ಎಂದು ಅವನಿಗೂ ತಿಳಿಯದಾಯಿತು. ಜಡ್ಜ್ ಪೆಲ್‌ಗಾಗಿ ಅಭ್ಯಾಸ ಮಾಡಿದ್ದೇ ಮೈಗೆ ಹತ್ತಿತೋ ಏನೋ ಎಂದು ಒಂದು ದಿನ ಸಮಾಧಾನ ಮಾಡಿಕೊಳ್ಳುತ್ತಿದ್ದ. ಮಾರನೆಯ ದಿನ ಹಲ್ಲುಜ್ಜುವ ಬ್ರಷ್ ಹಿಡಿದು, ಇದರಿಂದ ಏನು ಮಾಡುತ್ತಾರೆ ಎಂದು ಯೋಚಿಸುತ್ತ ನಿಂತಿರುತ್ತಿದ್ದ.

ಅವನಿಗೆ ಹೆದರಿಕೆ ಎಂದರೆ ಏನೆಂದು ಗೊತ್ತಿತ್ತು, ಅದಕ್ಕೆ ಮುಖ ಕೂಡ ಇತ್ತು. ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನ ವೃದ್ಧರ ಆರೈಕೆ ಮನೆಯಲ್ಲಿ ಅವನ ತಾಯಿ ಕೊನೆಯ ನಾಲ್ಕು ವರ್ಷ ಕಳೆದಿದ್ದಳು. ಮಗನ ಗುರುತು ಅವಳಿಗೆ ಹೋಗಿತ್ತು, ಆದರೆ ಟೀವಿಯಲ್ಲಿ ಬಂದವರ ಗುರುತು ಹೋಗಿರಲಿಲ್ಲ. ಒಂದು ಸಲ ಅವನು ಹೂ ಹಿಡಿದುಕೊಂಡು ಒಳಗೆ ಬಂದಾಗ ಅವಳು ಹಾಸಿಗೆಯ ಮೂಲೆಗೆ ಸರಿದು ಕಿರುಚತೊಡಗಿದಳು. ಹಿಂದಿನ ವಾರದ ಕಂತಿನಲ್ಲಿ ಅವನು ಒಬ್ಬ ಮುದುಕಿಯ ಕತ್ತು ಹಿಸುಕಿದ್ದ. ನರ್ಸುಗಳು ಅವನನ್ನು ಹೊರಗೆ ಕಳಿಸಿದರು. ಆಮೇಲೆ ಅವನು ಹೋದಾಗಲೆಲ್ಲ ಕಿಟಕಿಯಿಂದಷ್ಟೇ ನೋಡಿ ಬರುತ್ತಿದ್ದ. ತಾನೂ ಹಾಗೇ ಒಂದು ಹಾಸಿಗೆಯ ಮೂಲೆಯಲ್ಲಿ ಕೂತು, ಟೀವಿಯಲ್ಲಿ ತನ್ನದೇ ನೂರನಲವತ್ತು ಮುಖಗಳು ಬಂದು ಹೋಗುವಾಗ ಯಾರಿವರು ಎಂದು ಹೆದರುತ್ತೇನೆ ಎಂಬ ಯೋಚನೆ ಬಂದರೆ ಅವನು ಎದ್ದು ಮನೆಯ ಟೀವಿ ಆರಿಸಿಬಿಡುತ್ತಿದ್ದ.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದರೆ, ಅದಕ್ಕೂ ಈ ಊರಿನ ಪದ್ಧತಿ ಅಡ್ಡ ಬರುತ್ತಿತ್ತು. ಪ್ರತಿ ಚಿತ್ರೀಕರಣಕ್ಕೂ ಮೊದಲು ವಿಮೆಯವರ ಡಾಕ್ಟರು ನಟರನ್ನು ಪರೀಕ್ಷಿಸುತ್ತಾರೆ. ಹತ್ತು ನಿಮಿಷದ ಕೆಲಸ, ನಾಲಿಗೆ ಚಾಚು, ಉಸಿರು ಎಳೆದುಕೋ. ಕೊನೆಯಲ್ಲಿ ಒಂದು ಕಾಗದ: ಈ ಕೆಳಗಿನ ಕಾಯಿಲೆಗಳು ನಿಮಗಿವೆ ಎಂದು ಯಾವ ಡಾಕ್ಟರಾದರೂ ಹೇಳಿದ್ದಾರೆಯೇ? ಅರ್ಲಿಸ್ ಇಲ್ಲ ಎಂದು ಬರೆದ. ಸುಳ್ಳಲ್ಲ, ಯಾರೂ ಹೇಳಿರಲಿಲ್ಲ, ಅವನು ಯಾರನ್ನೂ ಕೇಳಿರಲಿಲ್ಲ. ಕೇಳಿದ ದಿನ ಹೌದು ಎಂದು ಬರೆಯಬೇಕಾಗುತ್ತಿತ್ತು, ವಿಮೆಯಿಲ್ಲದ ಎಪ್ಪತ್ತೊಂದರ ಮುದುಕನನ್ನು ಯಾವ ಸ್ಟುಡಿಯೋದ ಗೇಟಿನೊಳಗೂ ಬಿಡುವುದಿಲ್ಲ. ಪಾತ್ರವಿಲ್ಲದೆ ಅವನು ಏನು ಎಂಬುದನ್ನು ಅವನು ಎಂದೂ ನೋಡಿರಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

ಹೀಗಿರುವಾಗ ಪರೀಕ್ಷೆ ತಾನಾಗಿಯೇ ಅವನ ಬಳಿ ಬಂತು. ಇವತ್ತಿನ ದೃಶ್ಯ ಅದೇ. ಡಾಕ್ಟರ್ ಒಬ್ಬಳು ಜಡ್ಜ್ ಪೆಲ್‌ಗೆ ಒಂದು ಹಾಳೆ ಕೊಟ್ಟು, ಗಡಿಯಾರ ಬರೆಯಿರಿ, ಮುಳ್ಳುಗಳು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು ಎನ್ನುತ್ತಾಳೆ. ಜಡ್ಜ್ ಅಂಕಿಗಳನ್ನೆಲ್ಲ ಬಲಗಡೆಯೇ ಒತ್ತೊತ್ತಾಗಿ ತುಂಬಿಸಿ, ಎಡಗಡೆ ಖಾಲಿ ಬಿಟ್ಟು, ಒಂದು ಮುಳ್ಳನ್ನು ಹತ್ತರ ಕಡೆಗೂ ಇನ್ನೊಂದನ್ನು ಹನ್ನೊಂದರ ಕಡೆಗೂ ತಿರುಗಿಸುತ್ತಾನೆ. ಇದು ಕಟ್ಟುಕತೆಯಲ್ಲ. ನಿಜವಾದ ಆಸ್ಪತ್ರೆಯ ಒಬ್ಬ ನರರೋಗ ತಜ್ಞೆಯನ್ನು ಮಂಗಳವಾರ ಕರೆಸಿ ತೋರಿಸಿಕೊಟ್ಟಿದ್ದರು. ಮರೆವಿನ ಕಾಯಿಲೆಯ ಶುರುವಿನಲ್ಲಿ ಇರುವವರನ್ನು ಹಿಡಿಯುವುದಕ್ಕೆ ಇದೊಂದೇ ಸಾಲದು, ಆದರೂ ಇದು ಬಹಳ ಹೇಳುತ್ತದೆ ಎಂದಿದ್ದರು ಆಕೆ.

ಮನೆಯಲ್ಲಿ ಅವನು ಮೂರು ದಿನ ಹಾಳೆ, ಪೆನ್ನು ಮುಂದಿಟ್ಟುಕೊಂಡು ಕೂತ. ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ. ತಪ್ಪಾಗಿ ಬಂದರೆ, ಆ ಮನೆಯಲ್ಲಿ ಆ ಹಾಳೆಯೂ ಅವನೂ ಇಬ್ಬರೇ. ಸೆಟ್ಟಿನಲ್ಲಾದರೆ ಸುತ್ತ ನಲವತ್ತು ಜನ, ದೀಪದ ಬೆಳಕು, ಮೈಮೇಲೆ ಜಡ್ಜ್ ಪೆಲ್‌ನ ಸ್ವೆಟರು. ಸರಿಯಾಗಿ ಬರೆದರೆ ತಾನು ಗೆದ್ದ ಹಾಗೆ, ಇದೆಲ್ಲ ಬರೀ ವಯಸ್ಸು, ಬರೀ ಆಯಾಸ. ಹಾಗೆಂದು ನಿಶ್ಚಯಿಸಿದ. ಮೊದಲ ಟೇಕಿನಲ್ಲಿ ಪುಟದಲ್ಲಿ ಇರುವಂತೆ ಬರೆಯುವುದಿಲ್ಲ, ಸರಿಯಾದ ಗಡಿಯಾರ ಬರೆಯುತ್ತೇನೆ.

ತಿಂಡಿಯ ಮೇಜಿನ ಹತ್ತಿರ ನೊರೀನ್ ಕ್ಯಾಸ್ಪ್ರಾಕ್ ಸಿಕ್ಕಳು. ಕಂಟಿನ್ಯುಯಿಟಿ ನೋಡಿಕೊಳ್ಳುವವಳು, ಅರವತ್ತಾರು ವರ್ಷ, ಕುತ್ತಿಗೆಯಲ್ಲಿ ಸರಪಳಿಗೆ ಕಟ್ಟಿದ ಕನ್ನಡಕ. ಹಿಂದಿನ ಶಾಟಿನಲ್ಲಿ ಕಾಫಿ ಲೋಟ ನಟನ ಯಾವ ಕೈಯಲ್ಲಿತ್ತು, ಎಷ್ಟನೆಯ ಗುಂಡಿ ಬಿಚ್ಚಿತ್ತು, ಬ್ರೆಡ್ಡು ಎಷ್ಟು ಕಚ್ಚಿದ್ದ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿ ಬರೆದಿಡುವುದು ಅವಳ ಕೆಲಸ. ಇರಬಾರದ ವಸ್ತು ಏನಾದರೂ ಚೌಕಟ್ಟಿನೊಳಗೆ ಬಂದರೆ ಮೊದಲು ಕಾಣುವುದು ಅವಳಿಗೇ. ಒಂಬತ್ತು ಧಾರಾವಾಹಿಗಳಲ್ಲಿ ಅವನ ಜತೆ ದುಡಿದಿದ್ದಳು.

"ನಾಲ್ಕು ದಿನದಿಂದ ನೋಡ್ತಿದೀನಿ, ತಟ್ಟೆ ಹಿಡ್ಕೊಂಡು ಓಡಾಡ್ತೀಯೇ ಹೊರತು ತಿನ್ನಲ್ಲ ನೀನು" ಎಂದಳು.

"ಜಡ್ಜಿಗೆ ಹಸಿವಿಲ್ಲ."

"ಜಡ್ಜ್ ಮನೆ ಹಾಳಾಗ. ನಿನ್ನ ಪ್ಯಾಂಟ್ ಜಾರ್ತಿದೆ. ಮೂರನೇ ಕಂತಲ್ಲಿ ಹೊಟ್ಟೆ ಇತ್ತು, ನಾಲ್ಕನೇದರಲ್ಲಿ ಎಲ್ಲಿ ಹೋಯ್ತು ಅಂತ ಜನ ನನ್ನ ಕೇಳ್ತಾರೆ."

"ನೊರೀನ್, ಒಂದು ತಮಾಷೆ ಮಾಡ್ಲಾ?"

"ಮಾಡು. ನೀನು ತಮಾಷೆ ಮಾಡಿ ಎಷ್ಟೋ ತಿಂಗಳಾಯ್ತು."

"ಮೊದಲನೇ ಟೇಕಲ್ಲಿ ಗಡಿಯಾರ ಸರಿಯಾಗಿ ಬರೆದುಬಿಡ್ತೀನಿ. ಪಟಪಟ ಅಂತ, ಶಾಲೆ ಮಕ್ಕಳ ಹಾಗೆ. ಯಾರಿಗೂ ಹೇಳ್ಬೇಡ. ಇಂಗ್ರಿಡ್ ಮುಖ ಹೇಗಾಗುತ್ತೆ ನೋಡು ಸಾಕು."

"ಕತ್ತು ಹಿಸುಕ್ತಾಳೆ ನಿನ್ನ. ಮಧ್ಯಾಹ್ನದೊಳಗೆ ಮೂರು ಸೀನ್ ಮುಗಿಸ್ಬೇಕು ಅವಳು."

"ನಿನಗೆ ಧೈರ್ಯ ಇಲ್ಲ ಅಂತ ಹೇಳು."

"ನನಗೇನು, ಕೂತಿರೋದು ಕ್ಯಾಮೆರಾ ಹಿಂದೆ. ನಿನಗೇ ಕೊನೇ ಘಳಿಗೇಲಿ ಕೈ ನಡುಗುತ್ತೆ. ಬರೆದ್ರೆ ನಾಳೆ ಒಂದು ಡಬ್ಬಿ ಪಿಯೆರೊಗಿ ಕಡುಬು, ನನ್ನ ಕೈಯಾರೆ ಮಾಡಿದ್ದು. ಬರೀದಿದ್ರೆ ನೀನು ನನಗೆ ಊಟ ಕೊಡಿಸು."

ಅವನು ಕೈ ಚಾಚಿದ, ಅವಳು ಕುಲುಕಿದಳು. ಕೈ ಬಿಡುವಾಗ ಒಂದು ಕ್ಷಣ ಅವನ ಮುಖ ನೋಡಿದಳು, ಏನೋ ಕೇಳುವವಳಂತೆ. ಅಷ್ಟರಲ್ಲಿ ಸಹಾಯಕ ನಿರ್ದೇಶಕ ಎಲ್ಲರನ್ನೂ ಕರೆದ.

ಆಸ್ಪತ್ರೆಯ ಕೋಣೆಯ ಸೆಟ್ಟು. ಒಂದು ಮೇಜು, ಎರಡು ಕುರ್ಚಿ, ಬಣ್ಣ ಬಳಿದ ಆಕಾಶಕ್ಕೆ ತೆರೆದ ಕಿಟಕಿ. ಡಾಕ್ಟರಾಗಿ ಯೋಲಾಂಡಾ ಎಂಬ ಹುಡುಗಿ ಎದುರಿಗೆ ಕೂತಿದ್ದಳು, ರಂಗಭೂಮಿಯಿಂದ ಬಂದವಳು, ಎದುರಿಗಿರುವವರು ಏನು ಮಾಡಿದರೂ ಪಾತ್ರ ಬಿಡದವಳು. ಕ್ಯಾಮೆರಾ ಅರ್ಲಿಸನ ಮುಖದ ಮೇಲೆ ಒಂದು, ಹಾಳೆಯ ಮೇಲೆ ಒಂದು. ಇಂಗ್ರಿಡ್ ಆಚೆ ಮಾನಿಟರಿನ ಮುಂದೆ, ಅವಳ ಪಕ್ಕದಲ್ಲಿ ನೊರೀನ್. ಗದ್ದಲ ನಿಂತಿತು.

"ಆ್ಯಕ್ಷನ್" ಎಂದಳು ಇಂಗ್ರಿಡ್, ಮೆಲ್ಲಗೆ.

ಯೋಲಾಂಡಾ ಹಾಳೆಯನ್ನು ಮುಂದೆ ಸರಿಸಿದಳು. "ಜಡ್ಜ್, ಇದರ ಮೇಲೆ ಒಂದು ಗಡಿಯಾರ ಬರೀತೀರಾ? ಅವಸರ ಇಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷ ಆಗಿರ್ಬೇಕು."

ಅರ್ಲಿಸ್ ಪೆನ್ನು ಎತ್ತಿಕೊಂಡ. ತಲೆ ತಿಳಿಯಾಗಿತ್ತು, ಎಷ್ಟೋ ತಿಂಗಳಿಂದ ಇಲ್ಲದಷ್ಟು ತಿಳಿ. ವೃತ್ತ ಎಳೆದ, ಚೆನ್ನಾಗಿ ಬಂತು. ಮೇಲೆ ಹನ್ನೆರಡು. ಕೆಳಗೆ ಆರು. ಆ ಕಡೆ ಮೂರು, ಈ ಕಡೆ ಒಂಬತ್ತು, ಮೊದಲು ಈ ನಾಲ್ಕನ್ನು ಹಾಕಿಬಿಟ್ಟರೆ ಉಳಿದವು ತಾವೇ ಬಂದು ಕೂರುತ್ತವೆ ಎಂದು ಯಾರೋ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಒಂದು, ಎರಡು. ನಾಲ್ಕು, ಐದು. ಒಂದೊಂದು ಅಂಕಿಯೂ ತನ್ನ ಜಾಗದಲ್ಲಿ ಕೂರುವುದನ್ನು ಅವನು ಕಂಡ. ಚಿಕ್ಕ ಮುಳ್ಳು ಹನ್ನೊಂದಕ್ಕೆ. ದೊಡ್ಡದು ಎರಡಕ್ಕೆ, ಹತ್ತಕ್ಕಲ್ಲ, ಎರಡಕ್ಕೆ, ಎಡವುವುದು ಇಲ್ಲೇ ಎಂದು ಆ ತಜ್ಞೆ ಹೇಳಿದ್ದು ನೆನಪಿತ್ತು. ನೆನಪಿತ್ತು ಎಂಬುದೇ ಅವನಿಗೆ ಹಬ್ಬವಾಯಿತು. ಪೆನ್ನು ಕೆಳಗಿಟ್ಟ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತೆ ಆಯಿತು. ತಡೆಯಲಾರದೆ ಅವನ ತುಟಿಯ ಮೇಲೆ ಒಂದು ನಗು ಬಂತು. ಈಗ ಇಂಗ್ರಿಡ್ ಕೂಗುತ್ತಾಳೆ, ಅಯ್ಯೋ ಅರ್ಲಿಸ್ ಏನ್ರೀ ಇದು ಎನ್ನುತ್ತಾಳೆ ಎಂದು ಕಾದ.

"ಕಟ್."

ಯಾರೂ ಕೂಗಲಿಲ್ಲ. ಎಲ್ಲೋ ಒಬ್ಬ ಚಪ್ಪಾಳೆ ಶುರುಮಾಡಿದ, ಆಮೇಲೆ ಎಲ್ಲರೂ ತಟ್ಟಿದರು. ದೀಪದವನೊಬ್ಬ ಏಣಿಯ ಮೇಲಿಂದಲೇ ಕಣ್ಣೊರೆಸಿಕೊಂಡ. ಇಂಗ್ರಿಡ್ ವೈರುಗಳನ್ನು ದಾಟಿಕೊಂಡು ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

"ಗಡಿಯಾರ ಪುಟದಲ್ಲಿ ಇದ್ದ ಹಾಗೇ ಬಂತು, ಅದಿರ್ಲಿ. ಮುಗಿಸಿದ ಮೇಲೆ ಒಂದು ನಗು ಬಂತಲ್ಲ ನಿಮಗೆ, ಸರಿಯಾಗಿ ಬರೆದುಬಿಟ್ಟೆ ಅನ್ನೋ ಹೆಮ್ಮೆ, ಅದು ನನ್ನ ಜೀವ ತೆಗೀತು. ಅದನ್ನ ಯಾರೂ ಬರೆದಿರ್ಲಿಲ್ಲ. ಇನ್ನೊಂದು ಸಲ ತಗೊಳ್ಳೋಣ, ಇನ್ನೂ ಹತ್ತಿರದಿಂದ. ಎಲ್ಲ ಹಾಗೇ ಇರ್ಲಿ."

ಅವನು ನಗುತ್ತಲೇ ಇದ್ದ. ಇವಳಿಗೂ ಪಂದ್ಯದ ವಿಷಯ ಗೊತ್ತಾಗಿದೆ, ನೊರೀನ್ ಹೇಳಿಬಿಟ್ಟಿದ್ದಾಳೆ, ಈಗ ಇವರು ನನ್ನನ್ನೇ ಆಟ ಆಡಿಸುತ್ತಿದ್ದಾರೆ. ನೊರೀನ್ ಮುಂದಿನ ಟೇಕಿಗೆ ಹೊಂದಿಸಲೆಂದು ಹಾಳೆಯ ಫೋಟೋ ತೆಗೆಯಲು ಬಂದಳು. ಅವನು ಅವಳಿಗೆ ಕಣ್ಣು ಮಿಟುಕಿಸಿದ.

"ಹೆದರಿಬಿಟ್ಟೆ ತಾನೆ?" ಎಂದಳು ನೊರೀನ್ ಫೋಟೋ ತೆಗೆಯುತ್ತ. "ಗೊತ್ತಿತ್ತು ನನಗೆ. ಇಂಥ ಸೀನ್ ಕೆಡಿಸೋ ಜಾತಿ ಅಲ್ಲ ನೀನು. ಶನಿವಾರ ಊಟ ಕೊಡ್ಸು."

ಅರ್ಲಿಸ್ ಹಾಳೆಯನ್ನು ನೋಡಿದ. ವೃತ್ತ ಇತ್ತು. ಹನ್ನೆರಡು ಮೇಲಿತ್ತು. ಅಲ್ಲಿಂದ ಒಂದು, ಎರಡು, ಮೂರು ಎಂದು ಅಂಕಿಗಳು ಬಲಗಡೆಯ ಅಂಚಿನುದ್ದಕ್ಕೂ ಒಂದರ ಮೇಲೊಂದು ಬಿದ್ದುಕೊಂಡು, ಕೊನೆಯವು ಗೆರೆ ದಾಟಿ ಹೊರಗೆ ಚೆಲ್ಲಿದ್ದವು. ಎಡಗಡೆ ಬರೀ ಬಿಳಿ. ಎರಡು ಮುಳ್ಳುಗಳೂ ಕೆಳಗೆ, ಹತ್ತು, ಹನ್ನೊಂದು ಎಂದು ಬರೆದ ಕಡೆಗೆ ತಿರುಗಿದ್ದವು.

"ಇದು ಆ ತಜ್ಞೆ ಬರೆದುಕೊಟ್ಟ ಮಾದರಿ. ನನ್ನದು ಕೊಡು" ಎಂದ.

"ಇದೇ ನಿಂದು."

"ನನ್ನದು ಕೊಡು ನೊರೀನ್. ಆಟ ಸಾಕು."

ನೊರೀನ್ ಫೋನು ಕೆಳಗಿಳಿಸಿದಳು. ಅವನ ಮುಖ ನೋಡಿದಳು, ಹಾಳೆ ನೋಡಿದಳು, ಮತ್ತೆ ಮುಖ ನೋಡಿದಳು. ಅವಳ ಮುಖದ ಮೇಲಿದ್ದ ತಮಾಷೆ ಆರಿಹೋಯಿತು. ಬಗ್ಗಿ ಅವನ ಕಿವಿಯ ಹತ್ತಿರ ಹೇಳಿದಳು, "ಅರ್ಲಿಸ್, ವಾರವೆಲ್ಲ ಹೀಗೇ ಬರೆದು ಪ್ರಾಕ್ಟೀಸ್ ಮಾಡಿದೀಯ. ಕೈಗೆ ಅದೇ ಕೂತುಬಿಟ್ಟಿದೆ, ಅಷ್ಟೇ."

ಅವನು ಪ್ರಾಕ್ಟೀಸ್ ಮಾಡಿರಲಿಲ್ಲ. ಒಂದು ಗೆರೆಯನ್ನೂ ಎಳೆದಿರಲಿಲ್ಲ. ಅದನ್ನು ಅವಳಿಗೆ ಹೇಳಬೇಕೆನ್ನುವಷ್ಟರಲ್ಲಿ ಸಹಾಯಕ ನಿರ್ದೇಶಕ ಹೊಸ ಹಾಳೆ ತಂದಿಟ್ಟು, ನೊರೀನಳನ್ನು ಆಚೆ ಕರೆದುಕೊಂಡು ಹೋದ. ಕ್ಯಾಮೆರಾ ಮುಂದೆ ಸರಿದು ಬಂತು. ಮೇಕಪ್ಪಿನವಳು ಅವನ ಹಣೆಯ ಬೆವರು ಒರೆಸಲು ಬಂದಾಗ ಇಂಗ್ರಿಡ್, ಬೇಡ, ಅದಿರಲಿ, ಚೆನ್ನಾಗಿದೆ ಎಂದಳು.

"ಆ್ಯಕ್ಷನ್."

ಹಾಳೆ ಅವನ ಮುಂದೆ ಬಂತು. ಯೋಲಾಂಡಾ ತನ್ನ ಮಾತು ಹೇಳಿದಳು. ಅವನು ಪೆನ್ನು ಹಿಡಿದ, ಬರೆಯಲಿಲ್ಲ. ಆ ಬಿಳಿ ಹಾಳೆಯ ಮೇಲೆ ಇನ್ನು ಏನು ಬರೆದರೂ, ತಾನು ಕಂಡದ್ದು ಅಲ್ಲಿ ಇರುವುದಿಲ್ಲ. ತನ್ನ ಕಣ್ಣೇ ತನಗೆ ಸುಳ್ಳು ಹೇಳಿದೆ. ಇಷ್ಟು ಹೆದರಿಕೆಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ, ನಟಿಸಿಯೂ ಇರಲಿಲ್ಲ.

"ನಾನು ಸರಿಯಾಗೇ ಬರೆದೆ" ಎಂದ.

ಇದು ಪುಟದಲ್ಲಿ ಇರಲಿಲ್ಲ. ಯೋಲಾಂಡಾ ಕಣ್ಣು ಮಿಟುಕಿಸದೆ, "ಸರಿ ಜಡ್ಜ್. ಮತ್ತೆ ಬರೀರಿ, ನೋಡೋಣ" ಎಂದಳು.

"ನನಗೆ ಹೆದರಿಕೆ ಆಗ್ತಿದೆ."

"ಏನಕ್ಕೆ ಹೆದರಿಕೆ?"

"ನಾನು ಜಡ್ಜ್ ಅಲ್ಲಮ್ಮ. ನಿಲ್ಲಿಸೋಕೆ ಹೇಳು ಅವರಿಗೆ."

ಆಚೆ ಇಂಗ್ರಿಡ್ ಕೈಯೆತ್ತಿ ಬೆರಳು ಸುತ್ತಿಸಿದಳು. ನಿಲ್ಲಿಸಬೇಡಿ, ಓಡಲಿ. ಮನುಷ್ಯ ತನ್ನಷ್ಟಕ್ಕೆ ಏನೋ ಕಂಡುಕೊಳ್ಳುತ್ತಿದ್ದಾನೆ ಎಂದು ಅವಳು ತಿಳಿದಳು, ತಿಳಿದದ್ದು ತಪ್ಪೆಂದು ಹೇಳುವಂತಿಲ್ಲ. ಕ್ಯಾಮೆರಾ ಇನ್ನೊಂದು ಗೇಣು ಹತ್ತಿರ ಬಂತು. ನಲವತ್ತು ಜನ ಉಸಿರು ಬಿಗಿಹಿಡಿದು, ಮುಂದೆ ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದಾದ ನಟನೆಯನ್ನು ನೋಡುತ್ತ ನಿಂತರು.

"ಜಡ್ಜ್ ಅಲ್ಲದಿದ್ರೆ ಮತ್ಯಾರು ನೀವು?" ಎಂದಳು ಯೋಲಾಂಡಾ, ಅಕ್ಕರೆಯಿಂದ. "ಹೆಸರು ಹೇಳಿ."

ಅವನು ಬಾಯಿ ತೆರೆದ. ಹೇಳಿಬಿಟ್ಟರೆ ಮುಗಿಯಿತು, ಎಲ್ಲರಿಗೂ ತಿಳಿಯುತ್ತದೆ, ಯಾರಾದರೂ ಬಂದು ಎಬ್ಬಿಸುತ್ತಾರೆ. ಹೆಸರುಗಳು ಬಂದವು, ಗುಂಪುಗುಂಪಾಗಿ ಬಂದವು, ಪಾದ್ರಿಗಳದು, ಧಣಿಗಳದು, ಕೊಲೆಗಾರರದು. ಒಂದೊಂದನ್ನೂ ಎತ್ತಿ ನೋಡಿದ, ಯಾವುದೂ ತನ್ನದಲ್ಲ. ತನ್ನದು ಇರಬೇಕಾದ ಕಡೆ ಏನೂ ಇರಲಿಲ್ಲ. ಅವನ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ನಾಯಿಮರಿ ನರಳಿದಂತೆ.

ಸೆಟ್ಟಿನಲ್ಲಿ ಕಟ್ ಎನ್ನುವ ಹಕ್ಕು ನಿರ್ದೇಶಕರಿಗೆ ಬಿಟ್ಟು ಇನ್ನಾರಿಗೂ ಇಲ್ಲ. ಬೆಂಕಿ ಬಿದ್ದರೂ ಜನ ಮೊದಲು ಅವರ ಮುಖ ನೋಡುತ್ತಾರೆ. ನೊರೀನ್ ಕನ್ನಡಕ, ಪುಸ್ತಕ ಕುರ್ಚಿಯ ಮೇಲಿಟ್ಟು ಎದ್ದಳು, ವೈರುಗಳನ್ನು ದಾಟಿದಳು, ಕ್ಯಾಮೆರಾದ ಪಕ್ಕದಿಂದ ನೇರವಾಗಿ ಬೆಳಕಿನೊಳಕ್ಕೆ ನಡೆದು ಹೋದಳು.

"ನೊರೀನ್, ಫ್ರೇಮಲ್ಲಿ ಬರ್ತಿದೀರ" ಎಂದಳು ಇಂಗ್ರಿಡ್, ನಂಬಲಾರದೆ.

"ಗೊತ್ತು."

ಅವಳು ಮೇಜಿನ ಪಕ್ಕ ಮಂಡಿಯೂರಿ ಕೂತು, ಬೆನ್ನನ್ನು ಕ್ಯಾಮೆರಾಕ್ಕೆ ಕೊಟ್ಟು ಅವನ ಮುಖವನ್ನು ಮರೆಮಾಡಿದಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದಿಟ್ಟಳು. "ಅರ್ಲಿಸ್" ಎಂದಳು. ಅವನು ನೋಡಲಿಲ್ಲ. "ಅರ್ಲಿಸ್ ಟ್ರಾಮೆಲ್. ಇಲ್ಲಿ ನೋಡು. ನಾನು ನೊರೀನ್."

ಕ್ಯಾಮೆರಾ ಹಿಡಿದಿದ್ದವನು ಕಣ್ಣು ತೆಗೆದು ನೇರವಾಗಿ ನಿಂತ. ಇಂಗ್ರಿಡ್ ಮಾನಿಟರಿನ ಮುಂದೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಕಟ್ ಎನ್ನುವುದು ಅವಳಿಗೆ ನೆನಪಾಗಲಿಲ್ಲ, ಯಾರೋ ತಾವಾಗಿಯೇ ನಿಲ್ಲಿಸಿದರು.

ಅರ್ಲಿಸನ ಕಣ್ಣು ಎಲ್ಲಿಂದಲೋ ತಿರುಗಿ ಬಂದು ಅವಳ ಮುಖದ ಮೇಲೆ ನಿಂತಿತು. ಅವಳನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಹೊತ್ತೂ ಅವಳು ಕಾದಳು.

"ಒಳ್ಳೇ ಟೇಕ್ ಕೆಡಿಸಿಬಿಟ್ಟೆ ನೀನು" ಎಂದ ಕೊನೆಗೆ. ಧ್ವನಿ ಇರಲಿಲ್ಲ, ತುಟಿ ಮಾತ್ರ ಅಲ್ಲಾಡಿತು.

"ಹೌದು. ಕೆಡಿಸಿದೆ."

"ಇನ್ನೊಂದು ತಗೋತೀವಿ ಅಂತಾರೆ ಅವರು. ಬೇಡ ಅನ್ನು."

"ಬೇಡ ಅಂತೀನಿ."

"ನೀನು ಎದ್ದು ಹೋಗ್ಬೇಡ."

"ಹೋಗಲ್ಲ" ಎಂದಳು ನೊರೀನ್. ಅವನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ನೋಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.